ಬೂಟಿನ ಮೂತಿಗೊಂದು ತೂತು

ವೇಗದ ಬೌಲರ್ ಓಡಿ ಬಂದು ಚೆಂಡು ಬಿಡುವಾಗ ನೀವು ಎಲ್ಲಿ ನೋಡುತ್ತೀರಿ ಹೇಳಿ? ಕೈ ನೋಡುತ್ತೀರಿ, ಚೆಂಡು ನೋಡುತ್ತೀರಿ, ಸ್ಟಂಪು ಹಾರಿತಾ ಅಂತ ನೋಡುತ್ತೀರಿ. ಹೆಬ್ಬೆಟ್ಟಕ್ಕ ಮಾತ್ರ ಬೂಟು ನೋಡುತ್ತಾಳೆ. ಅದರಲ್ಲೂ ಎಡಗಾಲಿನ ಬೂಟು, ಅದರ ಮೂತಿ.

ಬೂಟಿನಲ್ಲಿ ನೋಡೋಕೆ ಏನಿದೆ ಅಂತ ಮೂಗು ಮುರಿಯಬೇಡಿ. ಓಡಿ ಬಂದ ಬೌಲರ್ ಮುಂದಿನ ಕಾಲನ್ನು ದಪ್ ಅಂತ ಊರುತ್ತಾನಲ್ಲ, ಆಗ ಅವನ ತೂಕದ ಎಷ್ಟೋ ಪಟ್ಟು ಭಾರ ಆ ಒಂದೇ ಪಾದದ ಮೇಲೆ ಬೀಳುತ್ತದೆ. ಬೂಟು ನೆಲ ಕಚ್ಚಿ ನಿಲ್ಲುತ್ತದೆ, ಒಳಗಿನ ಕಾಲು ನಿಲ್ಲುವುದಿಲ್ಲ. ಅದು ಮುಂದಕ್ಕೆ ಜಾರಿ, ಹೆಬ್ಬೆರಳು ಹೋಗಿ ಬೂಟಿನ ಗೋಡೆಗೆ ಢೀ ಕೊಡುತ್ತದೆ. ದಿನಕ್ಕೆ ನೂರು ಸಲ! ಬಾಗಿಲಿಗೆ ಒಂದು ಸಲ ಕಾಲ್ಬೆರಳು ತಾಗಿದರೆ ನಾವು ಮನೆಮಂದಿಗೆಲ್ಲ ಶಾಪ ಹಾಕಿ ಒಂಟಿ ಕಾಲಲ್ಲಿ ಕುಣಿಯುತ್ತೇವೆ. ಅವರು ತಿರುಗಿ ನಡೆದುಕೊಂಡು ಹೋಗಿ ಮತ್ತೆ ಓಡಿ ಬರಬೇಕು.

ಇದಕ್ಕೆ ಮದ್ದು ಒಂದೇ. ಹೆಬ್ಬೆರಳು ತಾಗುವ ಜಾಗದಲ್ಲಿ ಬೂಟಿಗೆ ಒಂದು ತೂತು. ಕೋಟಿನ ಗುಂಡಿಯಷ್ಟು ಅಗಲ, ಅಷ್ಟೇ. ಆ ತೂತು ಕೊರೆಯುವುದರಲ್ಲಿ ಹೆಬ್ಬೆಟ್ಟಕ್ಕನನ್ನು ಮೀರಿಸುವವರು ಇನ್ನೂ ಹುಟ್ಟಿಲ್ಲ.

ಹೆಬ್ಬೆಟ್ಟಕ್ಕ ಅಂದರೆ ತಂಡದ ಮಾಲೀಸಿನವಳು. ಹದಿನಾರು ವರ್ಷದಿಂದ ಆಟಗಾರರ ತೊಡೆ, ಮೀನಖಂಡ, ಭುಜ ಎಲ್ಲ ಒತ್ತಿ ಒತ್ತಿ ಅವಳ ಎರಡೂ ಹೆಬ್ಬೆರಳು ಸೌಟಿನ ಹಾಗೆ ಹಿಂದಕ್ಕೆ ಬಾಗಿವೆ. ಅದಕ್ಕೇ ಆ ಹೆಸರು. ಡಾಕ್ಟರಿಗೆ, ಫಿಟ್ನೆಸ್ ಕೋಚಿಗೆ ಅಂಗಿಯ ಮೇಲೆ ಹುದ್ದೆ ಹೊಲಿದಿರುತ್ತಾರೆ. ಇವಳ ಅಂಗಿಯ ಮೇಲೆ ಬರೀ 'ಸಿಬ್ಬಂದಿ'. ಇವಳ ಕೋಣೆ ಗ್ಯಾಲರಿಯ ಮೆಟ್ಟಿಲ ಕೆಳಗೆ. ಎತ್ತರದ ಆಟಗಾರರು ಒಳಗೆ ಬರುವಾಗ ತಲೆ ಬಗ್ಗಿಸದಿದ್ದರೆ ಹಣೆಗೆ ಬುಗುಟು ಗ್ಯಾರಂಟಿ. ಎರಡು ಮಂಚ, ಒಂದರ ಕಾಲಿಗೆ ಮಡಚಿದ ರಟ್ಟು. ಐಸ್ ಪೆಟ್ಟಿಗೆ, ಟೇಪಿನ ಸುರುಳಿಗಳು, ಮೂಲೆಯಲ್ಲಿ ವಿದ್ಯುತ್ ಒಲೆ. ಮೇಲೆ ಪ್ರೇಕ್ಷಕರು ಕುಣಿದರೆ ಸೂರಿನಿಂದ ಸುಣ್ಣ ಉದುರಿ ಆಟಗಾರರ ಬೆನ್ನ ಮೇಲೆ ಬೀಳುತ್ತದೆ. "ನೋಡಿ, ಅಭಿಮಾನಿಗಳು ಪೌಡರ್ ಹಾಕ್ತಿದ್ದಾರೆ" ಅನ್ನುತ್ತಾಳೆ ಅಕ್ಕ.

ತಂಡದ ವೇಗದ ಬೌಲರ್ ಕಂಬ. ಆರಡಿ ನಾಲ್ಕಿಂಚು ಇದ್ದವನಿಗೆ ಬೇರೆ ಏನು ಹೆಸರಿಡುತ್ತಾರೆ? ಅವನಿಗೆ ಹೊಸ ಬೂಟು ಬಂದ ದಿನ ಆ ಕೋಣೆಯಲ್ಲಿ ಒಂದು ತಮಾಷೆ ನಡೆಯುತ್ತಿತ್ತು. ಹೆಬ್ಬೆಟ್ಟಕ್ಕ ಬ್ಯಾಗಿನಿಂದ ಲಿಪ್‌ಸ್ಟಿಕ್ ತೆಗೆಯುವಳು.

"ಬಾ ಮದುಮಗಳೇ, ಕಾಲು ಕೊಡು."

"ಅಕ್ಕಾ, ಇವತ್ತು ಯಾವ ಬಣ್ಣ?"

"ನನ್ನ ಮಗಳು ಯಾವುದನ್ನ ಬೀರುವಿನಲ್ಲಿ ಬಚ್ಚಿಡೋಕೆ ಮರೆತಳೋ ಅದು."

ಎಡಗಾಲಿನ ಹೆಬ್ಬೆರಳ ಉಗುರಿಗೆ ದಪ್ಪಗೆ ಬಳಿಯುವಳು. ಕಂಬ ತೆಳ್ಳನೆಯ ಕಾಲುಚೀಲ ಹಾಕಿ, ಉಗುರಿನ ಜಾಗದಲ್ಲಿ ಅದನ್ನು ಕತ್ತರಿಸಿ, ಬೂಟು ತೊಟ್ಟು, ಹೊರಗೆ ಹೋಗಿ ಜೋರಾಗಿ ಮೂರು ಚೆಂಡು ಎಸೆದು ಬರುವನು. ಬೂಟಿನೊಳಗೆ ಟಾರ್ಚ್ ಬಿಟ್ಟರೆ ಮೂತಿಯಲ್ಲಿ ಕೆಂಪು ಮುದ್ರೆ ಬಿದ್ದಿರುತ್ತಿತ್ತು. ಅಲ್ಲೇ ಬ್ಲೇಡು. ಅಂಚು ಹರಿಯದಂತೆ ಕಾದ ಚಮಚದ ಹಿಡಿಯಿಂದ ಸುಟ್ಟು, ಸುತ್ತ ಮೆತ್ತನೆಯ ಟೇಪು. ಕಾಲು ಗಂಟೆಯ ಕೆಲಸ. ಈ ಕೆಲಸದಿಂದ ಕಂಬ ನಾಲ್ಕು ವರ್ಷ ಒಂದು ಪಂದ್ಯವನ್ನೂ ತಪ್ಪಿಸಿಕೊಂಡಿರಲಿಲ್ಲ. ಇದನ್ನು ಯಾರಾದರೂ ಟೀವಿಯಲ್ಲಿ ಹೇಳಿದರಾ? ಇಲ್ಲ. ಅವನು ಕುಡಿಯುವ ಪುಡಿಯ ಬಗ್ಗೆ ಅರ್ಧ ಗಂಟೆ ಹೇಳಿದರು.

ಈ ಋತು ಶುರುವಾಗುವ ಹೊತ್ತಿಗೆ ತಂಡಕ್ಕೆ ಹೊಸ ಬೂಟು ಕಂಪನಿ ಬಂತು. ತಂಡದ ಮ್ಯಾನೇಜರ್ ಸಿಬ್ಬಂದಿಯನ್ನೆಲ್ಲ ಸೇರಿಸಿ, ಒಪ್ಪಂದದ ಒಂದು ಸಾಲು ಓದಿದ. ಬೂಟನ್ನು ಯಾವ ರೀತಿಯಲ್ಲೂ ಕತ್ತರಿಸಬಾರದು, ಕೊರೆಯಬಾರದು, ಮುಚ್ಚಬಾರದು.

ಹೆಬ್ಬೆಟ್ಟಕ್ಕ ಹಿಂದಿನ ಸಾಲಿನಿಂದ ಕೈ ಎತ್ತಿದಳು. "ಸಾರ್, ಕಂಬನ ಬೂಟಿಗೆ ತೂತು ಬೇಕೇ ಬೇಕು."

"ಏನಮ್ಮಾ ಇದು! ಟೀವಿಯವರು ಕಾಲು ದೊಡ್ಡದು ಮಾಡಿ ತೋರಿಸ್ತಾರೆ. ಹೊಸ ಬೂಟಿನಿಂದ ಹೆಬ್ಬೆರಳು ಇಣುಕ್ತಾ ಇದ್ರೆ ಬೂಟು ಹರಿದುಹೋಗಿದೆ ಅನ್ಕೊಳ್ಳಲ್ವಾ ಜನ?"

"ಅನ್ಕೊಳ್ಳಲಿ ಬಿಡಿ ಸಾರ್. ಉಗುರು ಹೋದ್ರೆ ಅವರೇನು ಉಗುರು ಕೊಡ್ತಾರಾ?"

ಎಲ್ಲರೂ ನಕ್ಕರು. ಹಸಿರು ಸಾರ್ ಎದ್ದು ನಿಂತ. ಅವನು ಫಿಟ್ನೆಸ್ ಮುಖ್ಯಸ್ಥ. ಆಟಗಾರರು ಬೆಳಿಗ್ಗೆ ಎದ್ದ ಕೂಡಲೇ ಫೋನಿನಲ್ಲಿ ನಿದ್ದೆ ಹೇಗಾಯಿತು, ಎಲ್ಲಿ ನೋವಿದೆ ಅಂತ ಐದಕ್ಕೆ ಇಷ್ಟು ಅಂಕ ಒತ್ತಬೇಕು. ಆ ಅಂಕಗಳೂ, ಎಸೆದ ಚೆಂಡುಗಳ ಲೆಕ್ಕವೂ ಅವನ ಕೈಯಲ್ಲಿರುವ ಪರದೆಗೆ ಬಂದು ಪ್ರತಿ ಹೆಸರಿನ ಮುಂದೆ ಹಸಿರು, ಹಳದಿ, ಕೆಂಪು ಚುಕ್ಕೆಯಾಗುತ್ತವೆ. "ಎಲ್ಲಾ ಹಸಿರು" ಅನ್ನುವುದೇ ಅವನ ಬೆಳಗಿನ ನಮಸ್ಕಾರ. ಅದಕ್ಕೇ ಅವನು ಹಸಿರು ಸಾರ್. ಕೆಟ್ಟವನಲ್ಲ ಪಾಪ, ಓದಿದವನು. ಆದರೆ ಆಟಗಾರ ಎದುರಿಗೆ ಕುಂಟುತ್ತ ಬಂದರೂ ಮೊದಲು ಪರದೆ ನೋಡುವ ಜಾತಿ.

"ಅದಕ್ಕೇನು ತಲೆನೋವು? ಅರ್ಧ ಸೈಜ್ ದೊಡ್ಡದು ತರಿಸೋಣ. ಬೆರಳಿಗೆ ಜಾಗ ಆಗುತ್ತೆ" ಅಂದ.

ಅಯ್ಯೋ ದೇವರೇ! ದೊಡ್ಡ ಬೂಟಿನಲ್ಲಿ ಕಾಲು ಇನ್ನೂ ಜಾಸ್ತಿ ಜಾರುತ್ತದೆ, ಇನ್ನೂ ಜೋರಾಗಿ ಹೋಗಿ ಹೊಡೆಯುತ್ತದೆ. ಇದು ಹೆಬ್ಬೆಟ್ಟಕ್ಕನ ಬಾಯಿಯ ತುದಿಗೆ ಬಂತು. ಅಷ್ಟರಲ್ಲಿ ಸಭೆ ಮುಗಿದು ಎಲ್ಲರೂ ಚಹಾದ ಕಡೆ ನಡೆದಿದ್ದರು.

ಎರಡನೇ ಪಂದ್ಯಕ್ಕೇ ಕಂಬನ ಉಗುರು ನೇರಳೆ ಹಣ್ಣಾಯಿತು. ಒಳಗೆ ರಕ್ತ ಕಟ್ಟಿ, ಮುಟ್ಟಿದರೆ ಮೈ ಜುಮ್ಮೆನ್ನುವಷ್ಟು ನೋವು. ಡಾಕ್ಟರ್ ಹೇಳಿಕೊಟ್ಟಿದ್ದ ಹಾಗೆ ಹೆಬ್ಬೆಟ್ಟಕ್ಕ ಸೂಜಿ ಕಾಯಿಸಿ ಉಗುರಿಗೆ ಸಣ್ಣ ತೂತು ಮಾಡಿ ರಕ್ತ ಬಿಟ್ಟಳು. ಬೂಟಿಗೆ ಆಗಬೇಕಾದ ತೂತು ಉಗುರಿಗೆ ಆಯಿತು, ನೋಡಿ ನ್ಯಾಯ! ಆಮೇಲೆ ಪ್ರತಿ ಪಂದ್ಯದ ಬೆಳಿಗ್ಗೆ ಹತ್ತಿ, ಮೆತ್ತೆ, ಟೇಪು ಅಂತ ಪದರ ಪದರವಾಗಿ ಸುತ್ತಿ, ಬೆರಳಿಗೆ ತೊಟ್ಟಿಲು ಕಟ್ಟಿದಂತೆ ಕಟ್ಟಿಕೊಟ್ಟಳು. ಕಂಬ ಎದ್ದು ನಾಲ್ಕು ಹೆಜ್ಜೆ ಹಾಕಿ, "ಅಕ್ಕಾ, ನಿನ್ನ ಕೈಗೆ ಮುತ್ತು ಸುರಿಯಬೇಕು" ಅಂದ. ಬೌಲಿಂಗ್ ಮಾಡಿದ. ವಿಕೆಟ್ ತೆಗೆದ. ಮ್ಯಾನೇಜರ್ ಬಂದು, "ನೋಡಮ್ಮಾ, ತೂತಿಲ್ಲದೇ ನಡೀತಲ್ಲ!" ಅಂದ.

ನಡೆಯಿತು. ಅಲ್ಲೇ ಅವಳು ಎಡವಿದ್ದು. ಅವಳ ಕೈಗುಣ ಅಷ್ಟು ಚೆನ್ನಾಗಿಲ್ಲದಿದ್ದರೆ ಕಂಬ ಎರಡನೇ ವಾರಕ್ಕೇ ಕುಂಟುತ್ತಿದ್ದ, ಬೂಟಿನ ಬಣ್ಣ ಬಯಲಾಗುತ್ತಿತ್ತು. ತಾನು ನೋವು ವಾಸಿ ಮಾಡುತ್ತಿಲ್ಲ, ಮುಚ್ಚಿಡುತ್ತಿದ್ದೇನೆ ಅಂತ ಅವಳಿಗೆ ಹೊಳೆಯುವ ಹೊತ್ತಿಗೆ ಏಳು ಪಂದ್ಯ ಆಗಿತ್ತು.

ಹೊಳೆದದ್ದು ಬೂಟಿನ ತಳ ನೋಡಿ. ಸೆಮಿಫೈನಲ್ ಮುಗಿದ ಮಾರನೆ ಬೆಳಿಗ್ಗೆ ಮಣ್ಣು ಕೆರೆಯಲು ಬೂಟು ತಿರುಗಿಸಿದರೆ ಎಡಗಾಲಿನ ಹೊರಗಿನ ಅಂಚಿನ ಮುಳ್ಳುಗಳು ಸವೆದು ಮೊಂಡಾಗಿದ್ದವು. ಒಳಗಿನ ಅಂಚಿನವು ಅಂಗಡಿಯಿಂದ ತಂದಂತೆ ಚೂಪು. ಅಂದರೆ ಅವನು ಬೆರಳನ್ನು ಕಾಪಾಡಲು ಪಾದವನ್ನು ಓರೆ ಮಾಡಿ ಇಳಿಯುತ್ತಿದ್ದಾನೆ. ಪಾದ ಓರೆಯಾದರೆ ಮೊಣಕಾಲು ತಿರುಗುತ್ತದೆ, ಮೊಣಕಾಲು ತಿರುಗಿದರೆ ಸೊಂಟ ತಿರುಚುತ್ತದೆ. ಆ ಭಾರವೆಲ್ಲ ಹೋಗಿ ಸೇರುವುದು ಬೆನ್ನಿನ ಬುಡಕ್ಕೆ.

ಅವಳು ಕೂಡಲೇ ಕಂಬನನ್ನು ಕರೆದು ಮಂಚದ ಮೇಲೆ ಬೋರಲು ಮಲಗಿಸಿ, ಬೆನ್ನೆಲುಬಿನ ಎಡಕ್ಕೆ ಕೆಳಗೆ ಹೆಬ್ಬೆರಳಿಟ್ಟಳು. ಅವನು ಉಸಿರು ಹಿಡಿದ.

"ನೋವಾ?"

"ಇಲ್ಲಕ್ಕಾ, ಕಚಗುಳಿ."

"ಏಳು. ಎಡಗಾಲ ಮೇಲೆ ನಿಂತು ಹಿಂದಕ್ಕೆ ಬಾಗು."

ಬಾಗಿದ. ಮುಖದಲ್ಲಿ ನಗು ಇತ್ತು. ಆದರೆ ಅಕ್ಕ ಮುಖ ನೋಡುತ್ತಿರಲಿಲ್ಲವಲ್ಲ, ಕಾಲು ನೋಡುತ್ತಿದ್ದಳು. ಐದೂ ಬೆರಳು ನೆಲವನ್ನು ಗಬಕ್ಕನೆ ಕಚ್ಚಿ ಹಿಡಿದಿದ್ದವು.

"ಎಷ್ಟು ದಿನದಿಂದ?"

"...ಒಂದು ಹತ್ತು ದಿನ."

"ಫೋನಿನಲ್ಲಿ ನೋವಿಗೆ ಎಷ್ಟು ಒತ್ತಿದ್ದೀಯ?"

"ಹಾಸಿಗೆಯಲ್ಲೇ ಮಲಕೊಂಡು ನೋವಿಗೆ ಸೊನ್ನೆ, ನಿದ್ದೆಗೆ ಐದು ಒತ್ತಿಬಿಡ್ತೀನಿ. ಎಲ್ರೂ ಅಷ್ಟೇ ಕಣಕ್ಕಾ. ನೋವಿಗೆ ಮೂರು ಒತ್ತಿದ್ರೆ ಹಳದಿ ಬರುತ್ತೆ. ಹಳದಿ ಬಂದ್ರೆ ನನ್ನ ಜಾಗದಲ್ಲಿ ಬೇರೆಯವನು ಬರ್ತಾನೆ. ನಾಡಿದ್ದು ಫೈನಲ್. ದಮ್ಮಯ್ಯ, ಹಸಿರು ಸಾರ್‌ಗೆ ಹೇಳಬೇಡ."

"ಹಸಿರು ಒತ್ತಿ ಒತ್ತಿ ಮೂಳೆ ಮುರ್ಕೋ!" ಅಂದಳು ಅಕ್ಕ. "ಅಲ್ಲಿ ಮೂಳೆ ಬಿರುಕು ಬಿಟ್ರೆ ಒಂದು ವರ್ಷ ಕಣೋ. ಒಂದು ವರ್ಷ ಮನೇಲಿ ಕೂತ ವೇಗದ ಬೌಲರ್‌ನ ಯಾರು ನೆನಪಿಟ್ಕೋತಾರೆ?"

ಹೇಳಿಯೇ ಬಿಟ್ಟಳು. ಬೂಟನ್ನೇ ಹಿಡಿದುಕೊಂಡು ಹೋಗಿ ಹಸಿರು ಸಾರ್ ಮೇಜಿನ ಮೇಲೆ ಅಂಗಾತ ಇಟ್ಟಳು. ಅವನು ಬೂಟನ್ನು ಬೆರಳ ತುದಿಯಲ್ಲಿ ಪಕ್ಕಕ್ಕೆ ಸರಿಸಿ ಪರದೆ ತೋರಿಸಿದ.

"ನೋಡಿ, ನೋವು ಸೊನ್ನೆ. ನಿದ್ದೆ ಐದು. ಚೆಂಡಿನ ಲೆಕ್ಕ ಮಿತಿ ಒಳಗೇ ಇದೆ. ಎಲ್ಲಾ ಹಸಿರು."

"ಅದು ಅವನು ಒತ್ತಿದ್ದು ಸಾರ್. ಇದು ಅವನ ಕಾಲು ಒತ್ತಿದ್ದು. ಒಂದು ಸ್ಕ್ಯಾನ್ ಮಾಡಿಸಿ."

"ಫೈನಲ್ ಮುಂಚೆ ಸ್ಕ್ಯಾನ್‌ಗೆ ಕಳಿಸಿದ್ರೆ ಹತ್ತು ನಿಮಿಷದಲ್ಲಿ ಸುದ್ದಿ ಆಗುತ್ತೆ. ಆಮೇಲೆ ಮಾಡಿಸೋಣ."

"ಆಮೇಲೆ ಮುರಿದದ್ದನ್ನ ಫೋಟೋ ತೆಗೀತೀರ."

ಮ್ಯಾನೇಜರ್ ಹತ್ತಿರ ಹೋಗಿ, ಫೈನಲ್‌ಗೆ ಕಂಬನನ್ನು ಕೂರಿಸಿ ಅಂತ ಕೈ ಮುಗಿದಳು. ಅವನು ಫೋನ್ ಕಿವಿಯಿಂದ ತೆಗೆಯದೆಯೇ, "ಅಮ್ಮಾ, ನಿನ್ನ ಕೆಲಸ ಒತ್ತೋದು. ಒತ್ತು" ಅಂದ.

ಹದಿನಾರು ವರ್ಷ! ಹೆಬ್ಬೆಟ್ಟಕ್ಕ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಮನೆಗೆ ಬರುವವರೆಗೂ ಒಳಗೊಳಗೇ ಕುದಿಯುತ್ತಿದ್ದಳು. ಚಪ್ಪಲಿ ಬಿಟ್ಟ ಸದ್ದಿಗೇ ಅತ್ತೆಗೆ ಗೊತ್ತಾಯಿತು. ಅತ್ತೆಗೆ ಎಪ್ಪತ್ತೆರಡು ವರ್ಷ, ಒಂದು ಪಂದ್ಯ ಬಿಡುವುದಿಲ್ಲ, ಕಂಬ ಅಂದರೆ ಪ್ರಾಣ.

"ಏನೇ, ಮುಖ ಹರಳೆಣ್ಣೆ ಕುಡಿದ ಹಾಗಿದೆ?"

ಅಕ್ಕ ಎಲ್ಲ ಹೇಳಿದಳು. ಉಗುರು, ಟೇಪು, ಬೂಟಿನ ತಳ, ಬೆನ್ನು. ಅತ್ತೆ ಟೀವಿ ಆರಿಸಿದಳು. ಆ ಮನೆಯಲ್ಲಿ ಅದು ಸಣ್ಣ ಘಟನೆಯಲ್ಲ.

"ಏಳು ಮ್ಯಾಚು ನೀನೇ ಕಟ್ಟಿ ಕಳಿಸಿದ್ದೀಯ ಅನ್ನು."

"ಹೂಂ."

"ಎಂಟನೇದಕ್ಕೂ ಕಟ್ಟಿ ಕಳಿಸ್ತೀಯಾ?"

ಅಕ್ಕ ಎದ್ದು ಹೋಗಿ ಹೊಲಿಗೆ ಡಬ್ಬಿಯಿಂದ ಹೊಸ ಬ್ಲೇಡುಗಳ ಪೊಟ್ಟಣ ತೆಗೆದು ಬ್ಯಾಗಿಗೆ ಹಾಕಿಕೊಂಡಳು. ಮಗಳ ಬೀರುವಿನಿಂದ ಲಿಪ್‌ಸ್ಟಿಕ್ ಕೂಡ. ಮಗಳು ಒಳಗಿನಿಂದ, "ಅಮ್ಮಾ, ಅದು ಹೊಸಾದು!" ಅಂತ ಕೂಗಿದಳು.

ಫೈನಲ್ ದಿನ ಬೆಳಿಗ್ಗೆ ಏಳಕ್ಕೆ ಕೋಣೆಗೆ ಬಂದಳು. ಆಟಗಾರರ ಸಾಮಾನು ಆಗಲೇ ಬಂದಿತ್ತು. ಕಂಬನ ಚೀಲದಲ್ಲಿ ಮೂರು ಜೊತೆ ಬೂಟು, ಮೂರೂ ಅರ್ಧ ಸೈಜ್ ದೊಡ್ಡವು, ಥಳಥಳ ಹೊಳೆಯುತ್ತಿದ್ದವು. ಕಂಬ ಬರುತ್ತಲೇ ಅಭ್ಯಾಸದಂತೆ ಮಂಚ ಹತ್ತಿ ಎಡಗಾಲು ಚಾಚಿದ.

"ಕಟ್ಟಕ್ಕಾ. ಇವತ್ತು ಸ್ವಲ್ಪ ಗಟ್ಟಿ."

"ಕಟ್ಟಲ್ಲ."

"ಅಂದ್ರೆ?"

"ಕಟ್ಟಲ್ಲ ಅಂದ್ರೆ ಕಟ್ಟಲ್ಲ. ಇಷ್ಟು ದಿನ ಕಟ್ಟಿದ್ದೇ ನನ್ನ ತಪ್ಪು. ಕೆಳಗಿಳಿ."

ಲಿಪ್‌ಸ್ಟಿಕ್ ತೆಗೆದಳು, ನೋಡಿದಳು, ಮತ್ತೆ ಬ್ಯಾಗಿಗೆ ಹಾಕಿದಳು. ಮುದ್ರೆ ಬೇಕಿರಲಿಲ್ಲ, ಒಳಗಿನ ಬಟ್ಟೆಯಲ್ಲಿ ಹಳೇ ರಕ್ತದ ಕಲೆಯೇ ಜಾಗ ತೋರಿಸುತ್ತಿತ್ತು. ಮೊದಲನೇ ಬೂಟನ್ನು ತೊಡೆ ಮೇಲಿಟ್ಟುಕೊಂಡು ಬ್ಲೇಡು ಊರಿದಳು. ಚರ್ರ್ ಅಂತ ಸದ್ದಾಯಿತು. ಕಂಬನ ಕಣ್ಣು ಬೂಟಿಗಿಂತ ದೊಡ್ಡದಾಯಿತು.

"ಅಕ್ಕಾ! ಒಪ್ಪಂದ!"

"ನಿನ್ನ ಬೆನ್ನೆಲುಬು ಯಾವ ಒಪ್ಪಂದಕ್ಕೂ ಸಹಿ ಹಾಕಿಲ್ಲ."

ಎರಡನೆಯದು. ಮೂರನೆಯದು. ಮೂರೂ ಎಡಗಾಲಿನ ಬೂಟು, ಮೂರರ ಮೂತಿಗೂ ಕೋಟಿನ ಗುಂಡಿಯಷ್ಟು ತೂತು. ಅಷ್ಟು ಕೋಪದಲ್ಲೂ ಅಂಚು ಸುಡುವುದನ್ನು ಮರೆಯಲಿಲ್ಲ ಪುಣ್ಯಾತ್ಗಿತ್ತಿ, ಕೆಲಸ ಅಂದರೆ ಕೆಲಸ. ಸುಟ್ಟ ರಬ್ಬರಿನ ವಾಸನೆ ಮೆಟ್ಟಿಲು ಹತ್ತಿ ಹೋಯಿತು. ಅದರ ಹಿಂದೆಯೇ ಮ್ಯಾನೇಜರ್ ಇಳಿದು ಬಂದ, ಅವನ ಹಿಂದೆ ಹಸಿರು ಸಾರ್. ಮ್ಯಾನೇಜರ್ ತಲೆ ಬಗ್ಗಿಸಲು ಮರೆತು ಹಣೆ ಹೊಡೆಸಿಕೊಂಡ.

"ಏನ್ ಮಾಡಿದ್ದೀಯ ಇದು? ಹುಚ್ಚು ಹಿಡಿದಿದೆಯಾ ನಿಂಗೆ? ಇನ್ನೊಂದು ಜೊತೆ ಎಲ್ಲಿ?"

"ಇಲ್ಲ ಸಾರ್. ಅವನ ಅಳತೆಯದು ಈ ಮೂರೇ ಇದ್ದದ್ದು."

"ಇವನು ಇದನ್ನ ಹಾಕ್ಕೊಂಡು ಟೀವಿ ಮುಂದೆ ಓಡಬೇಕಾ? ಕಂಪನಿಯವರು ಮೇಲೆ ಬಾಲ್ಕನಿಯಲ್ಲಿ ಕೂತಿದ್ದಾರೆ ಕಣಮ್ಮಾ! ನಾನು ಇವನನ್ನ ಆಡಿಸೋ ಹಾಗೇ ಇಲ್ಲ!"

"ಆಡಿಸಬೇಡಿ" ಅಂದಳು ಹೆಬ್ಬೆಟ್ಟಕ್ಕ. ಬ್ಲೇಡು ಕೆಳಗಿಟ್ಟು ಎದ್ದು ನಿಂತಳು. ಅವಳು ಮ್ಯಾನೇಜರ್‌ನ ಭುಜಕ್ಕೆ ಬರುತ್ತಾಳೆ ಅಷ್ಟೇ, ಆದರೆ ಆ ಹೊತ್ತಿನಲ್ಲಿ ಕಂಬನಿಗೆ ಅವಳೇ ಆರಡಿ ನಾಲ್ಕಿಂಚು ಕಂಡಳು. "ಬೆನ್ನಿಗೋಸ್ಕರ ಕೂರಿಸಿ ಅಂತ ಕೈ ಮುಗಿದು ಕೇಳಿದೆ, ಕೂರಿಸಲಿಲ್ಲ. ಈಗ ಬೂಟಿಗೋಸ್ಕರ ಕೂರಿಸಿ. ಅದಕ್ಕಾದ್ರೂ ಬೆಲೆ ಇದೆಯಲ್ಲ ಇಲ್ಲಿ."

ಕಂಬ ಇಬ್ಬರನ್ನೂ ನೋಡಿದ. ಬೇಡ, ನಾನು ಆಡುತ್ತೇನೆ, ಬರಿಗಾಲಲ್ಲಾದರೂ ಆಡುತ್ತೇನೆ ಅಂದ. ಅಳುವೇ ಬಂದಿತ್ತು. ಮ್ಯಾನೇಜರ್ ಅವನ ಕಡೆ ತಿರುಗಿಯೂ ನೋಡದೆ ಫೋನ್ ಒತ್ತುತ್ತ ಮೆಟ್ಟಿಲು ಹತ್ತಿದ. ಹತ್ತು ನಿಮಿಷದಲ್ಲಿ ಹೊಸ ಪಟ್ಟಿ ಬಂತು. ಅದರಲ್ಲಿ ಕಂಬನ ಹೆಸರಿರಲಿಲ್ಲ. ಕಾರಣದ ಜಾಗದಲ್ಲಿ 'ಅಲ್ಪ ಅಸ್ವಸ್ಥತೆ' ಅಂತ ಬರೆದಿದ್ದರು. ಹತ್ತು ದಿನದ ಬೆನ್ನು ನೋವಿಗೆ ಕದಲದೇ ಇದ್ದ ಜನ ಗುಂಡಿಯಷ್ಟು ತೂತಿಗೆ ಹತ್ತು ನಿಮಿಷದಲ್ಲಿ ಕದಲಿದರು!

ಪಂದ್ಯ ಆರು ರನ್‌ಗಳಿಂದ ಹೋಯಿತು. ಎದುರಾಳಿಗಳು ಮೊದಲು ಬ್ಯಾಟ್ ಮಾಡಿದಾಗ ಕಡೇ ಓವರಿನಲ್ಲಿ ಕಂಬನ ಬದಲಿಗೆ ಬಂದವನಿಗೆ ಹದಿನೆಂಟು ರನ್ ಬಾರಿಸಿದರು. ಆಮೇಲೆ ಶುರುವಾಯಿತು ನೋಡಿ ನಮ್ಮ ಗ್ಯಾಲರಿಯವರ ಪೌರುಷ. ಗಾಜಿನ ಗೊಂಬೆ, ಹೇಡಿ, ದೊಡ್ಡ ಪಂದ್ಯ ಬಂದರೆ ಇವನಿಗೆ ಜ್ವರ ಬರುತ್ತೆ. ಸೋಫಾ ಮೇಲೆ ಕಾಲು ಚಾಚಿಕೊಂಡು, ಬಸ್ಸು ಹಿಡಿಯಲು ನಾಲ್ಕು ಹೆಜ್ಜೆ ಓಡಿದರೆ ಏದುಸಿರು ಬಿಡುವವರೆಲ್ಲ ಕಂಬನಿಗೆ ಧೈರ್ಯದ ಪಾಠ ಹೇಳಿದರು.

ಪಂದ್ಯ ನಡೆಯುತ್ತಿರುವಾಗಲೇ ಹಸಿರು ಸಾರ್ ಒಂದು ಒಳ್ಳೆಯ ಕೆಲಸ ಮಾಡಿದ್ದ. ಮೊನ್ನೆ ಮೇಜಿನ ಮೇಲೆ ಅಂಗಾತ ಇಟ್ಟಿದ್ದ ಆ ಬೂಟಿನ ತಳ ಅವನಿಗೆ ಮತ್ತೆ ನೆನಪಾಯಿತೋ ಏನೋ, "ಹೇಗೂ ಕೂತಿದ್ದಾನಲ್ಲ" ಅಂತ ಕಂಬನನ್ನು ಹಿಂದಿನ ಬಾಗಿಲಿನಿಂದ ಸ್ಕ್ಯಾನ್‌ಗೆ ಕಳಿಸಿದ. ಮರುದಿನ ವರದಿ ಬಂತು. ಬೆನ್ನಿನ ಬುಡದ ಎಡಗಡೆ ಮೂಳೆಯೊಳಗೆ ಊತ. ಬಿರುಕು ಇನ್ನೂ ಬಿಟ್ಟಿಲ್ಲ. ಆರು ವಾರ ಚೆಂಡು ಮುಟ್ಟದಿದ್ದರೆ ವಾಸಿ. ಡಾಕ್ಟರ್ ಚಿತ್ರವನ್ನು ಬೆಳಕಿಗೆ ಹಿಡಿದು, ಇನ್ನೊಂದು ಪಂದ್ಯ ಆಡಿದ್ದರೆ ಈ ಮಾತು ಹೇಳುತ್ತಿರಲಿಲ್ಲ ಅಂದರು.

ತಂಡದವರು ಪತ್ರಿಕೆಗಳಿಗೆ ಹೇಳಿಕೆ ಕೊಟ್ಟರು: ನಮ್ಮ ಅತ್ಯಾಧುನಿಕ ನಿಗಾ ವ್ಯವಸ್ಥೆಯಿಂದ ಗಾಯವನ್ನು ಮೊದಲ ಹಂತದಲ್ಲೇ ಪತ್ತೆ ಹಚ್ಚಲಾಯಿತು.

ಅದೇ ದಿನ ಹೆಬ್ಬೆಟ್ಟಕ್ಕನಿಗೂ ಒಂದು ಕಾಗದ ಬಂತು. ತಂಡದ ಸ್ವತ್ತನ್ನು ಉದ್ದೇಶಪೂರ್ವಕವಾಗಿ ಹಾಳು ಮಾಡಿದ್ದರಿಂದ ಮುಂದಿನ ಋತುವಿನಿಂದ ಸೇವೆ ಅಗತ್ಯವಿಲ್ಲ. ಅವಳು ಎರಡು ಸಲ ಓದಿದಳು. ಕಾಗದವನ್ನು ನಾಲ್ಕು ಮಡಿಕೆ ಮಾಡಿ, ಕೋಣೆಯ ಮಂಚದ ಕಾಲಿನ ಕೆಳಗಿನ ಹಳೇ ರಟ್ಟು ತೆಗೆದು ಅಲ್ಲಿ ತುರುಕಿದಳು. ಮಂಚ ಈಗ ಅಲುಗಲಿಲ್ಲ. ಸ್ವತ್ತಂತೆ ಸ್ವತ್ತು! ಮೂರು ಬೂಟು ಸ್ವತ್ತು, ಆರಡಿ ನಾಲ್ಕಿಂಚಿನ ಮನುಷ್ಯ ಯಾವ ಲೆಕ್ಕ?

ಈಗ ಅವಳು ಮನೆಯ ಮುಂದಿನ ಕೋಣೆಯಲ್ಲೇ ಮಂಚ ಹಾಕಿದ್ದಾಳೆ. ಮೊಣಕಾಲು ಹಿಡಿದುಕೊಂಡ ಬಸ್ ಡ್ರೈವರ್‌ಗಳು, ಕುತ್ತಿಗೆ ನೋವಿನ ಟೈಲರ್‌ಗಳು ಬರುತ್ತಾರೆ. ಅವರ ಚಪ್ಪಲಿಯನ್ನೂ ತಿರುಗಿಸಿ ತಳ ನೋಡುತ್ತಾಳೆ.

ಒಂದು ಮಧ್ಯಾಹ್ನ ಬಾಗಿಲಿನ ಬೆಳಕಿಗೆ ಯಾರೋ ಅಡ್ಡವಾದರು. ಕಂಬ, ಅಭ್ಯಾಸಬಲದಿಂದ ತಲೆ ಬಗ್ಗಿಸಿಕೊಂಡೇ ಒಳಗೆ ಬಂದ. ಕಂಕುಳಲ್ಲಿ ಬೂಟಿನ ಡಬ್ಬಿ. ಅತ್ತೆ ಟೀವಿ ಬಿಟ್ಟು ಎದ್ದು ಬಂದಳು.

"ಕೂರಪ್ಪಾ. ಬೆನ್ನು ಹೇಗಿದೆ?"

"ಚೆನ್ನಾಗಿದೆ ಅಜ್ಜಿ, ಒಂಚೂರೂ ನೋವಿಲ್ಲ." ಅಕ್ಕನ ಕಡೆ ತಿರುಗಿದ. "ಅಕ್ಕಾ, ಅವತ್ತು ನಿನ್ನ ಮೇಲೆ ತುಂಬಾ ಸಿಟ್ಟು ಬಂದಿತ್ತು."

"ಬರಬೇಕು. ಫೈನಲ್ ಕಣೋ ಅದು."

"ನಿನ್ನ ಬಗ್ಗೆ ಮ್ಯಾನೇಜರ್ ಹತ್ರ ಮಾತಾಡಿದೆ. ಕೇಳಲಿಲ್ಲ. ಅದಕ್ಕೆ ಆ ಕಂಪನಿ ಬೂಟು ನಾನು ಹಾಕಲ್ಲ ಅಂತ ಬರೆದುಕೊಟ್ಟೆ. ಇದು ನಾನೇ ಕೊಂಡಿದ್ದು, ನನ್ನ ಸರಿಯಾದ ಅಳತೆ." ಎಡಗಾಲು ಚಾಚಿದ. ಹಳೇ ಉಗುರು ಬಿದ್ದು ಹೊಸದು ಬುಡದಲ್ಲಿ ಇಣುಕುತ್ತಿತ್ತು, ಮಗುವಿನ ಹಲ್ಲಿನ ಹಾಗೆ. "ಬಣ್ಣ ಹಚ್ಚು. ಬೀದಿಯಲ್ಲೇ ಮೂರು ಚೆಂಡು ಎಸೆದು ಬರ್ತೀನಿ."

ಒಳಗಿನಿಂದ ಮಗಳು ಲಿಪ್‌ಸ್ಟಿಕ್ ಹಿಡಿದುಕೊಂಡೇ ಬಂದಳು. ಹೆಬ್ಬೆಟ್ಟಕ್ಕ ಅದನ್ನು ಕೈಗೆ ತೆಗೆದುಕೊಂಡಳು, ಮುಚ್ಚಳ ತೆಗೆಯಲಿಲ್ಲ.

"ಇವತ್ತಿಗೆ ಎಷ್ಟನೇ ದಿನ?"

"ಆಯ್ತಲ್ಲಕ್ಕಾ, ಹತ್ತಿರ ಹತ್ತಿರ..."

"ಎಷ್ಟನೇ ದಿನ ಅಂದೆ."

"ಮೂವತ್ತೊಂದು."

"ನಲವತ್ತೆರಡಕ್ಕೆ ಬಾ."

"ಅಕ್ಕಾ, ಮೂರೇ ಮೂರು ಚೆಂಡು! ನೋವು ಸೊನ್ನೆ, ನಿದ್ದೆ ಐದು—"

"ಎದ್ದೇಳ್ತೀಯೋ ಇಲ್ಲ ಹೆಬ್ಬೆರಳು ಊರಲೋ?"

ಕಂಬ ನಗುತ್ತ ಎದ್ದ. ಅಕ್ಕ ಡಬ್ಬಿಯನ್ನು ಅವನ ಕೈಯಿಂದ ಕಿತ್ತುಕೊಂಡು, ಕಪಾಟಿನೊಳಗಿಟ್ಟು, ಬೀಗ ಹಾಕಿ, ಬೀಗದಕೈಯನ್ನು ಅತ್ತೆಯ ಕೈಗೆ ಕೊಟ್ಟಳು.